ಹೆಸರು ಆಮೇಲೆ ಹೇಳುವ ಆಟಗಾರ

"ನಿನಗೆ ಅರ್ಥ ಆಗ್ಬೇಕಂತ ಇಲ್ಲ ಮಾರಾಯ, ಕೈ ಎತ್ತು ಸಾಕು."

ಇದು ಉಮಾಶಂಕರ ನನಗೆ ಹೇಳಿದ ಮಾತು. ತೊಂಬತ್ತನಾಲ್ಕನೇ ಇಸವಿ, ಮಾರ್ಚ್ ತಿಂಗಳ ಕೊನೆಯ ಭಾನುವಾರ, ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನ ಬಾಲಸುಬ್ರಹ್ಮಣ್ಯ ಅವರ ಮನೆಯಲ್ಲಿ, ಎಲ್ಲರ ಎದುರಿಗೆ. ಐದು ವರ್ಷವಾಯಿತು. ಅವನ ಮೇಲೆ ನನಗೆ ಈಗ ಬೇರೆ ಯಾವ ಸಿಟ್ಟೂ ಇಲ್ಲ, ಇದೊಂದು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿದುಕೊಂಡಿದೆ. ನಾನು ಓದಿದ್ದು ಬ್ರಹ್ಮಾವರದಲ್ಲಿ ಏಳನೇ ಕ್ಲಾಸಿನವರೆಗೆ. ಅದನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ. ದೋಸೆ ಹಿಟ್ಟು ರುಬ್ಬಿ ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯೇಗೋವರೆಗೆ ಅಂಗಡಿ ಅಂಗಡಿಗೆ ಹಾಕಿ ಬದುಕುವವನಿಗೆ ಸರ್ಟಿಫಿಕೇಟು ಬೇಕಾಗಿಯೂ ಇಲ್ಲ. ಆದರೆ ನನಗೆ ಅರ್ಥವಾಗುವುದಿಲ್ಲ ಎಂದು ಅವನು ಎಣಿಸಿದ್ದನಲ್ಲ, ಅದು ತಪ್ಪು. ಹೇಳಿದ್ದರೆ ಅರ್ಥವಾಗುತ್ತಿತ್ತು. ಅವನು ಹೇಳಲಿಲ್ಲ.

ಉಮಾಶಂಕರ ಉಡುಪಿಯವನು. ಎಲ್ ಸೆಗುಂಡೋದಲ್ಲಿ ವಿಮಾನದ ಕಂಪನಿಯೊಂದರಲ್ಲಿ ಹದಿನಾಲ್ಕು ವರ್ಷ ಎಂಜಿನಿಯರ್ ಆಗಿದ್ದ. ತೊಂಬತ್ತೆರಡರಲ್ಲಿ ಅಲ್ಲಿ ಸಾಲುಸಾಲಾಗಿ ಜನರನ್ನು ತೆಗೆದಾಗ ಇವನೂ ಹೋದ. ಒಂದು ವರ್ಷ ಅಪ್ಲೈ ಮಾಡಿದ, ಮಾಡಿದ, ಎಲ್ಲಿಯೂ ಕರೆಯಲಿಲ್ಲ. ಹೆಂಡತಿ ಜಯಾಗೆ ಸ್ಯಾನ್ ಡಿಯೇಗೋದ ಟೆಲಿಫೋನ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಅವರು ಮಗಳು ಹರಿಣಿಯನ್ನು ಕರೆದುಕೊಂಡು ಅಲ್ಲಿಗೆ ಹೋದರು. ಮೊದಲು ವಾರಾಂತ್ಯಕ್ಕೆ ಬಂದು ಹೋಗುವುದು ಎಂದಿತ್ತು, ಆಮೇಲೆ ಅದೂ ನಿಂತಿತು. ಡೈವೋರ್ಸ್ ಆಗಿರಲಿಲ್ಲ, ಜಗಳವೂ ಆಗಿರಲಿಲ್ಲ. ಮನೆ ಮಾರಿದ ಮೇಲೆ ಇವನು ಹಾಥಾರ್ನ್‌ನಲ್ಲಿ ಒಂದು ಕೋಣೆ ಹಿಡಿದು, ಜೆರಾಕ್ಸ್ ಅಂಗಡಿಯ ಕೌಂಟರಿನಲ್ಲಿ ನಿಂತ.

ಹರಿಣಿಗೆ ಆಗ ಹದಿನಾಲ್ಕು. ಶಾಲೆಯಲ್ಲಿ ಸಾಫ್ಟ್‌ಬಾಲ್, ಅಂದರೆ ಹುಡುಗಿಯರ ಬೇಸ್‌ಬಾಲ್, ಆಡುತ್ತಿದ್ದಳು. ಅಪ್ಪ ಫೋನ್ ಮಾಡಿದರೆ ಹೋಂವರ್ಕ್ ಇದೆ ಎಂದು ಇಟ್ಟುಬಿಡುತ್ತಿದ್ದಳು. ಬೇಸ್‌ಬಾಲ್ ವಿಷಯ ಬಂದರೆ ಮಾತ್ರ ನಾಲ್ಕು ನಿಮಿಷ ಮಾತಾಡುತ್ತಿದ್ದಳು. ಅಷ್ಟಕ್ಕಾಗಿ ನಲವತ್ತಾರು ವರ್ಷದ ಈ ಮನುಷ್ಯ, ಹುಟ್ಟಿದಾಗಿನಿಂದ ಕ್ರಿಕೆಟ್ ಬಿಟ್ಟು ಬೇರೆ ನೋಡದವನು, ಲೈಬ್ರರಿಗೆ ಹೋಗಿ ಬೇಸ್‌ಬಾಲ್ ಕಲಿತ. ಕಲಿತು, ನಮ್ಮ ಕನ್ನಡದವರ ನಡುವೆ ಒಂದು ಕಾಗದದ ಲೀಗ್ ಹುಟ್ಟುಹಾಕಿದ.

ಕಾಗದದ ಲೀಗ್ ಎಂದರೆ, ನಾವು ಯಾರೂ ದಾಂಡು ಮುಟ್ಟುವುದಿಲ್ಲ. ನಿಜವಾಗಿ ಆಡುವ ದೊಡ್ಡ ಆಟಗಾರರ ಹೆಸರುಗಳನ್ನು ಒಬ್ಬೊಬ್ಬರೂ ಆರಿಸಿ ನಮ್ಮ ತಂಡ ಎಂದು ಬರೆದುಕೊಳ್ಳುವುದು. ಒಬ್ಬರು ಆರಿಸಿದ ಹೆಸರು ಇನ್ನೊಬ್ಬರಿಗೆ ಇಲ್ಲ. ಅವರು ಮೈದಾನದಲ್ಲಿ ಹೊಡೆದದ್ದು ಮರುದಿನ ಪೇಪರಿನಲ್ಲಿ ಬರುತ್ತದೆ, ಅದನ್ನು ಕೂಡಿಸಿದರೆ ನಮ್ಮ ಅಂಕ. ಏಳು ಜನ ಸೇರಿದೆವು: ಉಮಾಶಂಕರ, ನಾನು, ಬಾಲಸುಬ್ರಹ್ಮಣ್ಯ, ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ರಾಜೀವ್, ಅವನ ಆಫೀಸಿನ ಇಬ್ಬರು, ಮತ್ತೆ ಸ್ಯಾನ್ ಡಿಯೇಗೋದಿಂದ ಫೋನಿನಲ್ಲಿ ಹರಿಣಿ.

ಜಗಳ ಬಂದದ್ದು ಅಂಕ ಕೂಡಿಸುವ ಕ್ರಮದ ಮೇಲೆ.

ರಾಜೀವ್ ಹೇಳಿದ್ದು, ಇಡೀ ಸೀಸನ್ ಒಟ್ಟಿಗೆ ಕೂಡಿಸೋಣ, ಅಕ್ಟೋಬರಿನಲ್ಲಿ ಯಾರು ಮೇಲಿದ್ದಾರೆ ನೋಡೋಣ ಎಂದು. "ಇದಕ್ಕೆ ರೋಟಿಸ್ಸರಿ ಅಂತಾರೆ. ಯೋಗೀಶ್ ಅವ್ರೇ, ರೊಟ್ಟಿ ಅಲ್ಲ ಮತ್ತೆ," ಎಂದು ನನ್ನ ಕಡೆ ನೋಡಿ ನಕ್ಕ. ಅವನ ಆಫೀಸಿನವರೂ ನಕ್ಕರು. ಉಮಾಶಂಕರ ಹೇಳಿದ್ದು, ವಾರ ವಾರ ಲೆಕ್ಕ ಮುಗಿಸೋಣ ಎಂದು. ಪ್ರತಿ ಶನಿವಾರ ಎಲ್ಲರೂ ತನಗೆ ಫೋನ್ ಮಾಡಿ ಮುಂದಿನ ವಾರಕ್ಕೆ ಆಡಿಸುವ ಒಂಬತ್ತು ಹೆಸರು ಕೊಡಬೇಕು, ವಾರದ ಕೊನೆಗೆ ಹೆಚ್ಚು ಅಂಕ ಬಂದವರಿಗೆ ಒಂದು ಗೆಲುವು. ವಾರ ವಾರ ಹೆಸರು ಅದಲುಬದಲು ಮಾಡಿಕೊಳ್ಳಬಹುದು.

"ಸಾರ್, ವಾರ ವಾರ ಯಾರ್ ಸಾರ್ ಫೋನ್ ಮಾಡ್ತಾರೆ? ಎಲ್ಲರಿಗೂ ಕೆಲ್ಸ ಇರುತ್ತೆ," ಎಂದ ರಾಜೀವ್.

ಕೆಲಸ ಎಂಬ ಮಾತಿಗೆ ಉಮಾಶಂಕರನ ಮುಖ ಸಣ್ಣಗಾಯಿತು. ಬಾಲಸುಬ್ರಹ್ಮಣ್ಯ ಹಿರಿಯರು, ಅರವತ್ತು ದಾಟಿದವರು. "ಕೈ ಎತ್ತಿ ತೀರ್ಮಾನ ಮಾಡಿಬಿಡಿ, ಕಾಫಿ ಆರ್ತಾ ಇದೆ," ಎಂದರು. ರಾಜೀವನ ಕಡೆ ಮೂರು ಕೈ. ಉಮಾಶಂಕರನ ಕಡೆ ಅವನದು, ಬಾಲಸುಬ್ರಹ್ಮಣ್ಯ ಅವರದು, ಫೋನಿನಲ್ಲಿ ಹರಿಣಿಯದು. ಉಳಿದವನು ನಾನು. ನಾನು ಉಮಾಶಂಕರನ ಕಡೆಗೇ ಎತ್ತುವವನು. ಆದರೂ ಕೇಳಿದೆ: "ವಾರ ವಾರ ಮಾಡಿದ್ರೆ ಎಂತ ಲಾಭ? ಒಂದು ವಾರ ಚಂದ ಆಡಿದವ ಮುಂದಿನ ವಾರ ಸೊನ್ನೆ. ಒಟ್ಟು ಕೂಡಿಸುದೇ ಸರಿ ಅಲ್ವಾ?"

ಆಗ ಬಂತು ಆ ಮಾತು. ನನಗೆ ಅರ್ಥವಾಗಬೇಕಂತ ಇಲ್ಲ, ಕೈ ಎತ್ತಿದರೆ ಸಾಕು.

ರಾಜೀವ್ ಮತ್ತೆ ನಕ್ಕ. ನನ್ನ ಕಿವಿ ಬಿಸಿಯಾಯಿತು. ಕೈ ಎತ್ತಿದೆ, ರಾಜೀವನ ಕಡೆಗೆ.

ಅಲ್ಲಿಗೆ ಮುಗಿಯಲಿಲ್ಲ. ಹೆಸರು ಆರಿಸುವುದಕ್ಕೆ ಅಮೆರಿಕದವರು ಚೀಟಿ ಎತ್ತುತ್ತಾರಂತೆ. ನಮ್ಮಲ್ಲಿ ಬಾಲಸುಬ್ರಹ್ಮಣ್ಯ, "ಅದೆಲ್ಲ ಯಾಕೆ, ದೊಡ್ಡವರಿಂದ ಶುರು ಮಾಡಿ," ಎಂದರು. ಯಾರೂ ಎದುರು ಹೇಳಲಿಲ್ಲ. ದೊಡ್ಡವರಿಂದ ಶುರುವಾದರೆ ಕೊನೆಗೆ ಉಳಿಯುವವಳು ಹರಿಣಿ. ಅವಳಿಗೆ ಬೇಕಾದದ್ದು ಒಬ್ಬನೇ, ಸ್ಯಾನ್ ಡಿಯೇಗೋ ತಂಡದ ಮುಖ್ಯ ದಾಂಡಿಗ, ಅವಳ ಕೋಣೆಯ ಗೋಡೆಯ ಮೇಲಿದ್ದವನು. ಎರಡನೇ ಸರದಿ ಉಮಾಶಂಕರನದು. ಅವನು ಆ ಹೆಸರನ್ನೇ ಹೇಳಿದ.

ಫೋನಿನಲ್ಲಿ ಹರಿಣಿ, "ಅಪ್ಪಾ, ಹೀ ವಾಸ್ ಮೈನ್," ಎಂದಳು. ಉಳಿದ ಸುತ್ತುಗಳಲ್ಲಿ ಅವಳು ಪೇಪರಿನಲ್ಲಿ ಕಣ್ಣಿಗೆ ಬಿದ್ದ ಹೆಸರುಗಳನ್ನು ಓದುತ್ತ ಹೋದಳು.

ವಾಪಸು ಬರುವಾಗ ನನ್ನ ವ್ಯಾನಿನಲ್ಲಿ ನಾವಿಬ್ಬರೇ. ಫ್ರೀವೇ ಹತ್ತಿದ ಮೇಲೆ ನಾನೇ ಬಾಯಿ ಬಿಟ್ಟೆ. "ಮಗಳ ಕೈಯಿಂದ ಕಸ್ಕೊಂಡಿಯಲ್ಲ, ನಾಚಿಕೆ ಇಲ್ವಾ ನಿಂಗೆ?"

"ಕಸ್ಕೊಂಡದ್ದಲ್ಲ. ಅವಳ ಸರದಿ ಬರುವಷ್ಟರಲ್ಲಿ ಬೇರೆ ಯಾರಾದ್ರೂ ತೆಗೀತಿದ್ರು. ನಾನು ತೆಗೆದಿಟ್ಟೆ. ಮುಂದಿನ ವಾರವೇ ಕೊಡುವ ಅಂತ."

"ಕೊಡು ಹಾಗಾದ್ರೆ."

"ರಾಜೀವನ ಕ್ರಮದಲ್ಲಿ ಜುಲೈವರೆಗೆ ಅದಲುಬದಲು ಇಲ್ಲ."

ಸ್ವಲ್ಪ ದೂರ ಹೋದ ಮೇಲೆ ಅವನೇ ಹೇಳಿದ: "ವಾರಕ್ಕೊಂದು ಸಲ ಅವಳು ಫೋನ್ ಮಾಡ್ಬೇಕಾಗ್ತಿತ್ತು ಯೋಗೀಶ. ಒಂಬತ್ತು ಹೆಸರು ಹೇಳಲಿಕ್ಕೆ. ಅಷ್ಟೇ ಇದ್ದದ್ದು."

ನನಗೆ ಇನ್ನೂ ಸಿಟ್ಟು ಬಂತು. "ಅದನ್ನು ಅಲ್ಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ಎಂತ ಹೇಳುದು? ನನ್ನ ಮಗಳು ನಂಗೆ ಫೋನ್ ಮಾಡುದಿಲ್ಲ, ದಯಮಾಡಿ ಕೈ ಎತ್ತಿ ಅಂತ ಹೇಳುದಾ? ಅವಳು ಫೋನಿನಲ್ಲಿ ಕೇಳ್ತಾ ಇರುವಾಗ?"

ಮರುದಿನ ರಾಜೀವನ ಆಫೀಸಿಗೆ ಫೋನ್ ಮಾಡಿದೆ. ನನ್ನ ಕೈ ವಾಪಸು ತೆಗೆದುಕೊಳ್ಳುತ್ತೇನೆ, ವಾರದ ಲೆಕ್ಕವೇ ಆಗಲಿ ಎಂದೆ. "ಯೋಗೀಶ್ ಅವ್ರೇ, ಕಂಪ್ಯೂಟರ್‌ಗೆ ಎಲ್ಲಾ ಹಾಕಾಯ್ತು. ರೂಲ್ ಅಂದ್ರೆ ರೂಲ್," ಎಂದ. ನಾನು ಅವನ ಕಂಪ್ಯೂಟರಿಗೂ ಅವನ ಅಪ್ಪನಿಗೂ ಸೇರಿಸಿ ಬೈದೆ. ಅದರಿಂದ ಇದ್ದ ದಾರಿಯೂ ಮುಚ್ಚಿತು.

ಏಪ್ರಿಲ್, ಮೇ, ಜೂನ್. ಹರಿಣಿ ಒಂದು ಸಲವೂ ಫೋನ್ ಮಾಡಲಿಲ್ಲ. ಮಾಡುವ ಅಗತ್ಯವೇ ಇರಲಿಲ್ಲ, ಮಾರ್ಚಿನಲ್ಲಿ ಆರಿಸಿದ ತಂಡ ತಾನಾಗಿ ನಡೆಯುತ್ತಿತ್ತು. ಅವಳ ತಂಡ ಏಳರಲ್ಲಿ ಏಳನೆಯದು. ಉಮಾಶಂಕರ ತಿಂಗಳಿಗೊಂದು ಅಂಕದ ಪಟ್ಟಿ ಜೆರಾಕ್ಸ್ ಮಾಡಿ ಎಲ್ಲರಿಗೂ ಅಂಚೆಯಲ್ಲಿ ಕಳಿಸುತ್ತಿದ್ದ. ಹರಿಣಿಯ ಪ್ರತಿಯ ಕೆಳಗೆ ಮಾತ್ರ ಕೈಯಲ್ಲಿ ಒಂದೆರಡು ಸಾಲು ಕನ್ನಡದಲ್ಲಿ ಬರೆಯುತ್ತಿದ್ದ: ಅವನನ್ನು ನಿನಗೋಸ್ಕರವೇ ಇಟ್ಟುಕೊಂಡಿದ್ದೇನೆ, ಜುಲೈಗೆ ಕೊಡುತ್ತೇನೆ. ಚಿಕ್ಕವಳಿದ್ದಾಗ ಭಾನುವಾರಗಳಲ್ಲಿ ಕೂರಿಸಿಕೊಂಡು ಅಕ್ಷರ ಕಲಿಸಿದ್ದ. ಉತ್ತರ ಬರಲಿಲ್ಲ. ಆ ದಾಂಡಿಗನಂತೂ ಹತ್ತು ಸಲ ಬಂದರೆ ಹತ್ತಿರ ಹತ್ತಿರ ನಾಲ್ಕು ಸಲ ಹೊಡೆಯುತ್ತಿದ್ದ. ದಿನಾ ಬೆಳಿಗ್ಗೆ ಪೇಪರ್ ತೆಗೆದಾಗ ಉಮಾಶಂಕರನಿಗೆ ಅಂಕ ಏರುತ್ತಿತ್ತು. ಅವನು ಅದನ್ನು ಅಪರಾಧ ಮಾಡಿದವನ ಹಾಗೆ ಬರೆದುಕೊಳ್ಳುತ್ತಿದ್ದ.

ಜುಲೈ ಮಧ್ಯದ ಶನಿವಾರ, ಸ್ಯಾನ್ ಡಿಯೇಗೋದ ಮೀರಾ ಮೇಸಾದ ಅಂಗಡಿಗೆ ಹಿಟ್ಟು ಹಾಕಲು ಹೊರಟಿದ್ದೆ. ಉಮಾಶಂಕರ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ವ್ಯಾನ್ ಹತ್ತಿದ. ದಾರಿಯುದ್ದಕ್ಕೂ ಪಟ್ಟಿಯನ್ನು ಮಡಚುವುದು, ಬಿಚ್ಚುವುದು.

ಹರಿಣಿಯ ಮನೆಯ ಬಾಗಿಲು ತೆಗೆದವರು ಜಯಾ. "ಬನ್ನಿ ಯೋಗೀಶಣ್ಣ, ಕೂತ್ಕೊಳ್ಳಿ, ಕಾಫಿ ಮಾಡ್ತೇನೆ," ಎಂದರು. ಗಂಡನಿಗೆ, "ಊಟ ಆಗಿದ್ಯಾ?" ಎಂದು ಕೇಳಿದರು. ಅಷ್ಟೇ, ನೆಂಟರಿಗೆ ಕೇಳುವ ಹಾಗೆ. ಹರಿಣಿ ಒಳಗಿನಿಂದ ಬಂದು ಸೋಫಾದ ಕೈ ಮೇಲೆ ಕೂತಳು. ಅಪ್ಪನಷ್ಟು ಎತ್ತರ ಬೆಳೆದಿದ್ದಳು.

"ನಾನು ಬರ್ದದ್ದು ಓದಿದ್ಯಾ?" ಎಂದು ಕೇಳಿದ ಉಮಾಶಂಕರ.

"ಐ ಕಾಂಟ್ ರೀಡ್ ದಟ್, ಅಪ್ಪ. ಐ ಫರ್‌ಗಾಟ್ ಮೋಸ್ಟ್ ಆಫ್ ಇಟ್."

ಅಮ್ಮನ ಹತ್ತಿರ ಓದಿಸಬಹುದಿತ್ತಲ್ಲ ಎಂದು ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಉಮಾಶಂಕರ ಪಟ್ಟಿ ಬಿಚ್ಚಿ, ಆ ದಾಂಡಿಗನ ಹೆಸರಿನ ಮೇಲೆ ಬೆರಳಿಟ್ಟು, "ಇವನನ್ನು ನಿಂಗೆ ಕೊಡ್ಲಿಕ್ಕೆ ಬಂದದ್ದು," ಎಂದ.

ಅವಳು ಅನುಮಾನದಿಂದ ನೋಡಿದಳು. ಪುಕ್ಕಟೆ ಕೊಡುವ ಹಾಗಿಲ್ಲ, ಒಬ್ಬನನ್ನು ಕೊಟ್ಟರೆ ಒಬ್ಬನನ್ನು ತೆಗೆದುಕೊಳ್ಳಲೇಬೇಕು ಎಂಬುದು ನಿಯಮ. ತನ್ನ ತಂಡದಲ್ಲಿ ಅವನಿಗೆ ಸಮನಾದವರು ಯಾರೂ ಇಲ್ಲ ಎಂದಳು. ಅದಕ್ಕೆ ಇವನು ಲೈಬ್ರರಿಯಲ್ಲಿ ಓದಿದ ಒಂದು ಪದ್ಧತಿ ಹೇಳಿದ. ನಿಜವಾದ ತಂಡಗಳೂ ಹಾಗೆ ಮಾಡುತ್ತವಂತೆ: ಈಗ ಒಬ್ಬನನ್ನು ಕೊಡುವುದು, ಬದಲಿಗೆ ಬರುವವನ ಹೆಸರನ್ನು ಆಮೇಲೆ ಹೇಳುವುದು.

"ಪ್ಲೇಯರ್ ಟು ಬಿ ನೇಮ್ಡ್ ಲೇಟರ್?" ಹರಿಣಿ ಜೋರಾಗಿ ನಕ್ಕಳು. "ಹೌ ಡು ಯು ಈವನ್ ನೋ ದಟ್?"

"ನಿನ್ನಪ್ಪ ಎಂಜಿನಿಯರ್," ಎಂದೆ ನಾನು. "ಅಷ್ಟಾದ್ರೂ ಗೊತ್ತಿರಬೇಡ್ವಾ?"

"ಆಗಸ್ಟ್ ಕೊನೇವರೆಗೆ ಟೈಮ್," ಎಂದ ಉಮಾಶಂಕರ. "ಯೋಚನೆ ಮಾಡಿ ಹೇಳು."

"ಓಕೆ. ಐ ವಿಲ್ ಕಾಲ್ ಯು," ಎಂದಳು. ಆಮೇಲೆ ಕನ್ನಡದಲ್ಲಿ, ತಡವರಿಸಿ, "ಫೋನ್ ಮಾಡ್ತೀನಿ."

ಪಟ್ಟಿಯ ಮೇಲೆ ಬರೆದು ಇಬ್ಬರೂ ಸಹಿ ಹಾಕಿದರು. ವಾಪಸು ಬರುವಾಗ ಅವನು ಅರ್ಧ ದಾರಿ ಮಾತಾಡಿದ. ಅವಳು ಯಾರ ಹೆಸರು ಹೇಳಬಹುದು, ಚೆಂಡು ಎಸೆಯುವವರಲ್ಲಿ ಅವಳಿಗೆ ಯಾರು ಬೇಕು, ಯಾರು ಬೇಡ. ಅವನು ಹಾಗೆ ಮಾತಾಡಿದ್ದನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಆಗಸ್ಟ್ ಹನ್ನೆರಡಕ್ಕೆ ಬೇಸ್‌ಬಾಲ್ ಆಟಗಾರರೆಲ್ಲ ಮುಷ್ಕರಕ್ಕೆ ಕೂತರು. ಸಂಬಳದ ಜಗಳ. ನಮ್ಮ ಊರಿನ ಬಸ್ಸಿನವರ ಮುಷ್ಕರದ ಹಾಗೆ ನಾಲ್ಕು ದಿನಕ್ಕೆ ಮುಗಿಯುತ್ತದೆ ಎಂದುಕೊಂಡೆ. ಮುಗಿಯಲಿಲ್ಲ. ಸೆಪ್ಟೆಂಬರ್ ಮಧ್ಯದಲ್ಲಿ, ಉಳಿದ ಸೀಸನ್ ಪೂರಾ ರದ್ದು ಎಂದು ಪೇಪರಿನಲ್ಲಿ ಬಂತು. ವಾರದ ಲೆಕ್ಕ ಇದ್ದಿದ್ದರೆ ಅಷ್ಟು ವಾರಗಳ ಗೆಲುವಾದರೂ ಗೆಲುವಾಗಿ ಉಳಿಯುತ್ತಿತ್ತು. ನಮ್ಮದು ಪೂರ್ತಿ ಸೀಸನ್ನಿನ ಲೆಕ್ಕ, ಸೀಸನ್ನೇ ಇಲ್ಲ. ಲೀಗ್ ರದ್ದಾಗಿದೆ, ಎಲ್ಲಾ ಅದಲುಬದಲೂ ರದ್ದು ಎಂದು ರಾಜೀವ್ ಎಲ್ಲರಿಗೂ ಎರಡು ಸಾಲು ಟೈಪ್ ಮಾಡಿ ಕಳಿಸಿದ.

ಹರಿಣಿಯ ಫೋನ್ ಬಂದಿರಲಿಲ್ಲ.

"ನೀನೇ ಮಾಡು ಮಾರಾಯ," ಎಂದೆ.

"ಅವಳು ಮಾಡ್ತೇನೆ ಅಂದಿದ್ದಾಳೆ. ನಾನು ಮಾಡಿದ್ರೆ ಅದು ಕೇಳಿ ತಕ್ಕೊಂಡ ಹಾಗೆ."

"ನಿನ್ನ ಈ ಹಟಕ್ಕೆ ಬೆಂಕಿ ಬೀಳ," ಎಂದು ಎದ್ದು ಬಂದೆ. ಅಂಗಡಿ ಮುಗಿದ ಮೇಲೆ ಅವನು ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಲೈನ್ ಖಾಲಿ ಇರಬೇಕು ಎಂದು ನನ್ನೊಡನೆ ಸಹ ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಮೀರಾ ಮೇಸಾದ ಅಂಗಡಿಯಲ್ಲಿ ಹಿಟ್ಟಿನ ಡಬ್ಬಿ ಇಳಿಸುವಾಗ ಹರಿಣಿ ಸಿಕ್ಕಳು. ಜಯಾ ಒಳಗೆ ತರಕಾರಿ ಆರಿಸುತ್ತಿದ್ದರು. ನಾನು ನೇರವಾಗಿಯೇ ಕೇಳಿದೆ: "ಏನಮ್ಮ, ಅಪ್ಪನಿಗೆ ಒಂದು ಹೆಸರು ಹೇಳ್ಬೇಕಿತ್ತಲ್ಲ ನೀನು?"

ಅವಳಿಗೆ ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಓ. ಬಟ್ ಅಂಕಲ್, ದೇರ್ ಈಸ್ ನೋ ಸೀಸನ್. ಇಟ್ ಡಸಂಟ್ ಕೌಂಟ್." ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬೇಸ್‌ಬಾಲ್ ನೋಡುವುದನ್ನೇ ಬಿಟ್ಟಿದ್ದೇನೆ, ಈಗ ವಾಟರ್ ಪೋಲೋ ಆಡುತ್ತೇನೆ ಎಂದಳು. ಅಪ್ಪನಿಗೆ ಹಾಯ್ ಹೇಳಿ ಎಂದಳು.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳ ಲೆಕ್ಕದಲ್ಲಿ ಅವಳು ಹೇಳಿದ್ದು ಸರಿ. ಹಾಥಾರ್ನ್‌ಗೆ ಬಂದು ಉಮಾಶಂಕರನಿಗೆ, "ಅಂಗಡಿಯಲ್ಲಿ ಯಾರೂ ಸಿಗಲಿಲ್ಲ," ಎಂದೆ. ಅವನು ನನ್ನ ಮುಖ ನೋಡಿ, ಮತ್ತೆ ಕೇಳಲಿಲ್ಲ.

ಮುಂದಿನ ವರ್ಷ ಏಪ್ರಿಲ್ ಕೊನೆಗೆ ಆಟ ಮತ್ತೆ ಶುರುವಾಯಿತು. ಲೀಗ್ ಮಾಡೋಣ, ವಾರದ ಲೆಕ್ಕವೇ ಇಡೋಣ ಎಂದು ನಾನು ಮನೆಮನೆಗೆ ಫೋನ್ ಮಾಡಿದೆ. ಬಾಲಸುಬ್ರಹ್ಮಣ್ಯ ಅವರಿಗೆ ಬೈಪಾಸ್ ಆಗಿತ್ತು. ರಾಜೀವ್ ನನ್ನ ದನಿ ಕೇಳಿ ಫೋನ್ ಇಟ್ಟ. ಇಬ್ಬರಿಂದ ಲೀಗ್ ಆಗುವುದಿಲ್ಲ.

ಜೆರಾಕ್ಸ್ ಅಂಗಡಿ ತೊಂಬತ್ತಾರರಲ್ಲಿ ಮುಚ್ಚಿತು. ಉಮಾಶಂಕರ ಬೇಕರ್ಸ್‌ಫೀಲ್ಡಿಗೆ ಹೋಗಿ, ಯಾರದೋ ಮೋಟೆಲಿನಲ್ಲಿ ಬೀಗದ ಕೈ ಕೊಡುವ ಕೆಲಸಕ್ಕೆ ಸೇರಿದ. ಹರಿಣಿ ಈಗ ಪೂರ್ವದ ಕಡೆ ಯಾವುದೋ ಕಾಲೇಜಿನಲ್ಲಿದ್ದಾಳೆ ಎಂದು ಜಯಾ ಹೇಳಿದರು, ಫೀಸಿನ ಅರ್ಧ ಅವನೇ ಕಳಿಸುತ್ತಾನಂತೆ. ಕಳೆದ ತಿಂಗಳು ಆ ಕಡೆ ಹೋದಾಗ ಅವನ ಕೋಣೆಗೆ ಹೋಗಿದ್ದೆ. ಕೂದಲು ಪೂರಾ ಬಿಳಿಯಾಗಿದೆ. ಚಹಾ ಮಾಡಲು ಅವನು ಆಚೆ ಹೋದಾಗ, ಫೋನಿನ ಕೆಳಗೆ ಮಡಚಿಟ್ಟಿದ್ದ ಪಟ್ಟಿಯನ್ನು ಬಿಚ್ಚಿ ನೋಡಿದೆ. ಇಬ್ಬರ ಸಹಿಯೂ ಇದೆ. ಉಮಾಶಂಕರ ಕೊಟ್ಟದ್ದು ಎಂಬಲ್ಲಿ ಆ ದಾಂಡಿಗನ ಹೆಸರು. ಹರಿಣಿ ಕೊಡಬೇಕಾದದ್ದು ಎಂಬಲ್ಲಿ ಒಂದು ಗೆರೆ ಎಳೆದು ಜಾಗ ಬಿಟ್ಟಿದ್ದಾನೆ. ಅಲ್ಲಿ ಏನೂ ಬರೆದಿಲ್ಲ.