ಠೇವಣಿಯ ಗೆರೆಯನ್ನು ಕಿವಿಯಿಂದ ಓದಿದ ಅಕ್ಕ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮೈಸೂರಿನಿಂದ ಕಡಲಾಚೆಯ ಈ ಚಳಿನಾಡಿನ ಪಿಕರಿಂಗ್‌ಗೆ ಬಂದೆ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೆ. ಇಲ್ಲಿ ಸಿಕ್ಕಿದ್ದು ಬೇಕರಿ ಫ್ಯಾಕ್ಟರಿಯಲ್ಲಿ ಮಫಿನ್‌ಗಳನ್ನು ಡಬ್ಬಕ್ಕೆ ತುಂಬುವ ಕೆಲಸ. ಇಲ್ಲಿನ ಕನ್ನಡಿಗರ ಆ ಸಲದ ರಾಜ್ಯೋತ್ಸವದ ಊಟಕ್ಕೆ, ಬಾಡಿಗೆಗೆ ಹಿಡಿದ ಶಾಲೆಯ ಹಾಲ್‌ನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಎಲ್ಲರೂ ನನ್ನ ಗಂಡ ಏನು ಮಾಡುತ್ತಾರೆಂದು ಕೇಳುತ್ತಿದ್ದರು. ನೀನು ಏನು ಓದಿದ್ದೀಯೆಂದು ಕೇಳಿದವರು ಒಬ್ಬರೇ. ಧಾರವಾಡದ ಕಡೆಯವರು, ಅರವತ್ತರ ಹತ್ತಿರದ ವಯಸ್ಸು, ದಪ್ಪ ಕನ್ನಡಕ, ಇಳಕಲ್ ಸೀರೆಯ ಮೇಲೊಂದು ಉಣ್ಣೆಯ ಕೋಟು. ಡಾಕ್ಟರ್ ಗಂಡನ ಜೊತೆ ಬಹಳ ಹಿಂದೆಯೇ ಈ ದೇಶಕ್ಕೆ ಬಂದು ಪಕ್ಕದ ಊರಾದ ಯೂನಿಯನ್‌ವಿಲ್‌ನಲ್ಲಿ ನೆಲೆಸಿದ್ದರು. ಹತ್ತಿರದ ದೊಡ್ಡ ನಗರದ ನಡುವಿನ ಒಂದು ಬ್ಯಾಂಕಿನ ಮುಖ್ಯ ಕಚೇರಿಯಲ್ಲಿ ಅಂಕಿಅಂಶ ವಿಭಾಗ ನೋಡಿಕೊಳ್ಳುತ್ತಿದ್ದರು. ನಾನು ‘ಮೇಡಂ’ ಅಂದದ್ದಕ್ಕೆ, ಅದೆಲ್ಲ ಬೇಡ, ಅಕ್ಕಾ ಅನ್ನು ಎಂದರು. ಮುಂದಿನ ತಿಂಗಳೇ ಅವರ ವಿಭಾಗದಲ್ಲಿ ನನಗೊಂದು ತಾತ್ಕಾಲಿಕ ಕೆಲಸ ಸಿಕ್ಕಿತು.

ದೇಶದ ಎಲ್ಲ ಬ್ಯಾಂಕುಗಳ ಠೇವಣಿ ಎಷ್ಟು, ಆಸ್ತಿ ಎಷ್ಟು ಎಂಬ ಹಳೆಯ ಅಂಕಿಗಳನ್ನು ಅಚ್ಚಾದ ಸಂಪುಟಗಳಿಂದ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಅದು ಮಫಿನ್ ತುಂಬುವುದಕ್ಕಿಂತ ಬೇರೆಯೇನೂ ಅಲ್ಲ ಅಂತ ಮೊದಲ ವಾರ ಅನ್ನಿಸಿತ್ತು. ಆದರೆ ಅಕ್ಕ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತರೆ ಆ ಅಂಕಿಯ ಸಾಲುಗಳಲ್ಲಿ ಜನ ಓಡಾಡತೊಡಗುತ್ತಿದ್ದರು. ನಾವು ಇಟ್ಟ ಠೇವಣಿ ಬ್ಯಾಂಕಿಗೆ ಸಾಲ, ಬ್ಯಾಂಕು ನಮಗೆ ಕೊಟ್ಟ ಸಾಲ ಅದರ ಆಸ್ತಿ. ಈ ಎರಡನ್ನೂ ಜೊತೆಗಿಟ್ಟು ನೋಡಿದರೆ ಯಾವ ವರ್ಷ ಜನ ಮನೆ ಕೊಂಡರು, ಯಾವ ವರ್ಷ ಕೈ ಬಿಗಿಹಿಡಿದರು, ಎಲ್ಲ ಕಾಣುತ್ತದೆ ಅನ್ನುತ್ತಿದ್ದರು. ಕ್ಲಾಸಿನಲ್ಲಿ ನನಗೆ ಇದನ್ನು ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ.

ಒಂದೆರಡು ವರ್ಷದಲ್ಲಿ, ಆ ಅಂಕಿಗಳಿಂದ ನಾವು ಬರೆಯುತ್ತಿದ್ದ ನಕ್ಷೆಯ ಗೆರೆಯಲ್ಲಿ ಒಂದು ವಿಚಿತ್ರ ಕಂಡಿತು. ಇಲ್ಲಿ ಆಗ ಟ್ರಸ್ಟ್ ಕಂಪನಿಗಳೆಂಬುವಿದ್ದವು. ಅವೂ ಬ್ಯಾಂಕಿನಂತೆಯೇ ಠೇವಣಿ ಪಡೆದು ಮನೆಸಾಲ ಕೊಡುತ್ತಿದ್ದವು, ಆದರೆ ಅವುಗಳ ಠೇವಣಿ ಬ್ಯಾಂಕುಗಳ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಕಾನೂನು ಬದಲಾದ ಮೇಲೆ ಬ್ಯಾಂಕುಗಳು ಅವುಗಳನ್ನು ಒಂದೊಂದಾಗಿ ಕೊಂಡುಕೊಂಡವು. ಕೊಂಡದ್ದೇ ತಡ, ಬ್ಯಾಂಕ್ ಠೇವಣಿಯ ಗೆರೆ ಚಂಗನೆ ಮೇಲಕ್ಕೆ ಜಿಗಿಯಿತು. ನಮ್ಮ ಮೇಲಿನ ಉಪಾಧ್ಯಕ್ಷರಿಗೆ ಬಹಳ ಖುಷಿ. ದೊಡ್ಡದೊಂದು ಸಭೆಯಲ್ಲಿ ಅವರು ಭಾಷಣ ಮಾಡುವುದಿತ್ತು. ಜನರಿಗೆ ಬ್ಯಾಂಕುಗಳ ಮೇಲೆ ಎಷ್ಟು ನಂಬಿಕೆ ಬಂದಿದೆ ನೋಡಿ ಎಂದು ಆ ಗೆರೆಯನ್ನು ತೋರಿಸಬೇಕೆಂದಿದ್ದರು.

ಅಕ್ಕ ಮಾಡಿಕೊಟ್ಟ ನಕ್ಷೆಯಲ್ಲಿ ಜಿಗಿದ ಜಾಗದಲ್ಲಿ ಗೆರೆಯನ್ನು ಬೇಕೆಂದೇ ಕಡಿದಿಟ್ಟಿದ್ದರು. ಅದನ್ನು ಜೋಡಿಸಿ ಎಂದು ಉಪಾಧ್ಯಕ್ಷರು ಹೇಳಿಕಳಿಸಿದರು. ನಾನು ಜೋಡಿಸಲು ಹೊರಟಿದ್ದೆ. ಅಕ್ಕ ನನ್ನ ಕೈ ತಡೆದರು.

“ಹೊಸಾ ರೊಕ್ಕ ಒಂದ್ ಪೈನೂ ಬಂದಿಲ್ಲವ್ವಾ. ಇದ್ದ ರೊಕ್ಕಾನ ಮನಿ ಬದಲ ಮಾಡೇದ, ಅಷ್ಟ. ಇದನ್ನ ಜೋಡಿಸಿದ್ರ ಸುಳ್ಳ ಹೇಳಿದಂಗ.”

ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನನಗೆ ಭಯವಾಯಿತು. ಅಕ್ಕ ಮಾತ್ರ ಕೋಟಿನ ಗುಂಡಿ ಹಾಕಿಕೊಂಡು ಉಪಾಧ್ಯಕ್ಷರ ಕೋಣೆಗೆ ಹೋದರು. ಜಗಳವಾಡಲಿಲ್ಲ. ಟ್ರಸ್ಟ್ ಕಂಪನಿಗಳ ಹಳೆಯ ಠೇವಣಿಗಳನ್ನೂ ಹುಡುಕಿ ಹಿಂದಿನ ವರ್ಷಗಳಿಗೆ ಸೇರಿಸಿದರೆ, ಎಲ್ಲಿಯೂ ಕಡಿಯದ, ಸುಳ್ಳೂ ಅಲ್ಲದ ಗೆರೆ ಕೊಡಬಲ್ಲೆ, ಭಾಷಣದ ತನಕ ಸಮಯ ಕೊಡಿ ಎಂದರಂತೆ. ಆತ ಮುಖ ಗಂಟಿಕ್ಕಿಕೊಂಡೇ ಒಪ್ಪಿಕೊಂಡರು.

ಹಾಗೆ ಒಂದು ಚಳಿಗಾಲವೆಲ್ಲ ಹುಡುಕಿದೆವು. ಹಳೆಯ ವರದಿಗಳು ಹಲವು ಕಡೆ ಹಂಚಿಹೋಗಿದ್ದವು. ಒಂದಿಷ್ಟು ಒಶಾವಾ ಎಂಬ ಊರಿನ ಮುಚ್ಚಿದ ಶಾಖೆಯೊಂದರ ಬೇಸ್‌ಮೆಂಟಿನಲ್ಲಿವೆ ಎಂದು ಗೊತ್ತಾಗಿ ಅಲ್ಲಿಗೆ ಹೋದೆವು. ಹೀಟಿಂಗ್ ಇಲ್ಲ, ಬಾಯಿ ತೆರೆದರೆ ಹೊಗೆ. ನಾನು ಪೆಟ್ಟಿಗೆ ಇಳಿಸಿ ಅಕ್ಕನ ಮುಂದೆ ವರದಿ ತೆರೆದಿಟ್ಟೆ. ಅವರು ಪುಟವನ್ನು ಓರೆ ಮಾಡಿದರು, ದೂರ ಹಿಡಿದರು, ಹತ್ತಿರ ಹಿಡಿದರು. ಆಮೇಲೆ ನನ್ನ ಕಡೆ ತಳ್ಳಿ, ತಮ್ಮ ಕಣ್ಣಿನ ನಡುಭಾಗ ಮಂಜಾಗುತ್ತಿದೆ, ಸಣ್ಣ ಅಕ್ಷರ ಕಾಣುವುದಿಲ್ಲ, ಗಂಡನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ ಎಂದರು. ಯಾವ ಔಷಧವೂ ಇಲ್ಲವಂತೆ. ನಾನು ವರದಿಯನ್ನು ಕೈಗೆತ್ತಿಕೊಂಡೆ.

“ನೀ ಓದು. ಕನ್ನಡದಾಗ ಓದು” ಎಂದರು. “ಇಂಗ್ಲಿಷಿನಾಗ ಅಂಕಿ ಕಿವಿಗೆ ಬರ್ತಾವ. ಕನ್ನಡದಾಗಾದ್ರ ಕಣ್ಣಿಗೇ ಬರ್ತಾವ.”

ಆ ಕೊರೆಯುವ ಚಳಿಯಲ್ಲಿ ನಾನು ಒಂದೊಂದೇ ವರ್ಷದ ಠೇವಣಿಯನ್ನು ಶಾಲೆಯ ಮಗ್ಗಿಯಂತೆ ಗಟ್ಟಿಯಾಗಿ ಓದಿದೆ. ಅಕ್ಕ ಕಣ್ಣು ಮುಚ್ಚಿ ಕೇಳಿ, ಆಮೇಲೆ ದೊಡ್ಡ ಹಾಳೆಯ ಮೇಲೆ ಮಾರ್ಕರಿನಿಂದ ದಪ್ಪಗೆ ಬರೆದುಕೊಂಡರು. ಒಮ್ಮೆ ನಾನು ಸಾಲು ತಪ್ಪಿ ಕೆಳಗಿನ ಅಂಕಿ ಓದಿದೆ. ಅವರ ಕೈ ನಿಂತಿತು. ಆ ವರ್ಷ ಬಡ್ಡಿ ಅಷ್ಟು ಏರಿದ್ದಾಗ ಠೇವಣಿ ಇಳಿಯಲು ಹೇಗೆ ಸಾಧ್ಯ, ಇನ್ನೊಮ್ಮೆ ನೋಡು ಎಂದರು. ನೋಡಿದರೆ ಹೌದು. ಮಧ್ಯಾಹ್ನ ಕಾರಿನಲ್ಲಿ ಹೀಟರ್ ಹಾಕಿಕೊಂಡು ಚಪಾತಿ, ಶೇಂಗಾ ಚಟ್ನಿ ತಿಂದೆವು. ಇಬ್ಬರ ಕೈಯೂ ಮರಗಟ್ಟಿ ಚಪಾತಿ ಮುರಿಯಲು ಬರುತ್ತಿರಲಿಲ್ಲ. ಅದಕ್ಕೇ ನಕ್ಕೆವು.

ಹೊಸ ಗೆರೆಯಲ್ಲಿ ಜಿಗಿತವಿರಲಿಲ್ಲ. ದಿಬ್ಬ ಹತ್ತುವ ಮುದುಕನಂತೆ ಅದು ನಿಧಾನವಾಗಿ ಏರಿತ್ತು. ಉಪಾಧ್ಯಕ್ಷರು ಅದನ್ನು ಹಳೆಯ ಗೆರೆಯ ಪಕ್ಕದಲ್ಲಿಟ್ಟು ನೋಡಿದರು. ಭಾಷಣದ ದಿನ ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಆತ ಎರಡೂ ಗೆರೆ ತೋರಿಸಿ, ಈ ಬೆಳವಣಿಗೆಯಲ್ಲಿ ಬಹುಪಾಲು ನಾವು ಗಳಿಸಿದ್ದಲ್ಲ, ಕೊಂಡದ್ದು, ನಾನೂ ಮೋಸಹೋಗಿದ್ದೆ ಎಂದು ಎಲ್ಲರೆದುರು ಹೇಳಿದರು. ಅಷ್ಟು ಹೇಳಲು ಅವರಿಗೂ ಎದೆಗಾರಿಕೆ ಬೇಕಿತ್ತು. ಮರುದಿನ ಅಕ್ಕ ತಮ್ಮ ಕಣ್ಣಿನ ವಿಷಯವನ್ನು ಅವರಿಗೆ ತಾವೇ ಹೇಳಿದರು. ಕೆಲಸ ಬಿಡಿ ಎಂದು ಆತ ಹೇಳಲಿಲ್ಲ. ನನ್ನನ್ನು ಖಾಯಂ ಮಾಡಿ, ಅಕ್ಕನಿಗೆ ಓದಿ ಹೇಳುವುದನ್ನೂ ನನ್ನ ಕೆಲಸಕ್ಕೆ ಸೇರಿಸಿದರು. ಅಕ್ಕ ನಿವೃತ್ತರಾಗುವ ತನಕ ನಮ್ಮ ಮೂಲೆಯಲ್ಲಿ ಅಂಕಿಗಳು ಕನ್ನಡದಲ್ಲೇ ನಡೆದವು.

ನಿವೃತ್ತಿಯ ನಂತರವೂ ಅದು ನಿಲ್ಲಲಿಲ್ಲ. ಹೊಸ ಅಂಕಿಗಳು ಬಂದಾಗಲೆಲ್ಲ ನಾನು ಊಟದ ಬಿಡುವಿನಲ್ಲಿ ಯೂನಿಯನ್‌ವಿಲ್‌ಗೆ ಫೋನ್ ಮಾಡಿ ಓದುತ್ತಿದ್ದೆ. ಎರಡು ಸಾವಿರದ ಎಂಟರಲ್ಲಿ ಷೇರು ಪೇಟೆ ಕುಸಿದಾಗ, ಆ ಚಳಿಗಾಲದಲ್ಲಿ ಹಾಗೆ ಓದುವಾಗ ನನಗೆ ಸಮಾಧಾನವಾಗಿತ್ತು. ಇಷ್ಟೆಲ್ಲ ಗಲಾಟೆಯ ನಡುವೆಯೂ ಠೇವಣಿ ಚೆನ್ನಾಗಿ ಏರಿತ್ತು.

“ಜನಾ ಹೆದರ್ಯಾರವ್ವಾ” ಎಂದರು ಅಕ್ಕ. “ಎಲ್ಲೆಲ್ಲಿಂದೋ ರೊಕ್ಕಾ ತಗದು ತಂದು ಬ್ಯಾಂಕಿನ್ಯಾಗ ಇಡ್ಲಿಕ್ಕೆ ಹತ್ಯಾರ.” ಆಮೇಲೆ, “ನಿಮ್ಮ ಮನ್ಯಾಗ ಹೆಂಗದ?” ಎಂದು ಕೇಳಿದರು.

ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಗಂಡ ಕೆಲಸ ಮಾಡುತ್ತಿದ್ದ ಕಾರಿನ ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ಒಂದು ಶಿಫ್ಟನ್ನೇ ತೆಗೆಯುವ ಮಾತು ನಡೆದಿತ್ತು. ನಾವೂ ಮಗಳ ಕಾಲೇಜಿಗೆಂದು ಷೇರಿನಲ್ಲಿಟ್ಟದ್ದನ್ನು ಆ ವಾರವಷ್ಟೇ ಬಿಡಿಸಿ ಠೇವಣಿಗೆ ಹಾಕಿದ್ದೆವು. ಕಾರಿಡಾರಿನ ಗೋಡೆಗೆ ಒರಗಿ ಎಲ್ಲವನ್ನೂ ಹೇಳಿಕೊಂಡೆ, ಅಳುವೂ ಬಂತು.

ನನ್ನ ಗಂಡನ ಕೆಲಸ ಹೋದದ್ದು ಫೆಬ್ರವರಿಯಲ್ಲಿ. ಬೇರೆಯದು ಸಿಗುವ ಹೊತ್ತಿಗೆ ಬೇಸಿಗೆ ಬಂದಿತ್ತು. ಆ ತಿಂಗಳುಗಳಲ್ಲಿ ಅಕ್ಕ ಪ್ರತಿ ಭಾನುವಾರ ತಮ್ಮ ಯಜಮಾನರ ಕಾರಿನಲ್ಲಿ ಪಿಕರಿಂಗ್‌ಗೆ ಬಂದು, ಗೋಡೆ ಹಿಡಿದು ನಮ್ಮ ಮೆಟ್ಟಿಲು ಹತ್ತಿ, ಅಡುಗೆಮನೆಯಲ್ಲಿ ಕೂತು ನನ್ನ ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಅವಳು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು, ಅವರು ಧಾರವಾಡದ ಮಾತಿನಲ್ಲಿ ಉತ್ತರಿಸುತ್ತಿದ್ದರು. ಇಬ್ಬರಿಗೂ ಎಲ್ಲ ತಿಳಿಯುತ್ತಿತ್ತು.