ವಸುಧಾ ತಂದ ಎರಡು ಹಾಳೆ

ಮೊನ್ನೆ ಅಡುಗೆಮನೆಯ ಟ್ಯೂಬ್‌ಲೈಟ್ ಗುಂಯ್‌ಗುಡುತ್ತಿದೆಯೆಂದು ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಅವನು ಸ್ಟೂಲಿನ ಮೇಲೆ ನಿಂತು ಕಿವಿಗೊಟ್ಟು, "ನಂಗೇನೂ ಕೇಳಿಸ್ತಿಲ್ವಲ್ಲ ಸಾರ್," ಎಂದ. ಅವನ ತಪ್ಪಿಲ್ಲ. ಚಾಮರಾಜಪೇಟೆಯ ಒಂದು ಪಠ್ಯಪುಸ್ತಕ ಪ್ರಕಾಶನದಲ್ಲಿ ಮೂವತ್ತು ವರ್ಷ ಕರಡು ತಿದ್ದಿದ ನನಗೂ, ತಲೆಯ ಮೇಲೆ ಆರು ಟ್ಯೂಬ್‌ಲೈಟ್ ಉರಿಯುತ್ತಿದ್ದರೂ, ಆ ಸದ್ದು ಬಹುಕಾಲ ಕೇಳಿಸಿರಲಿಲ್ಲ. ಕೇಳಿಸುವಂತೆ ಮಾಡಿದವಳು ವಸುಧಾ.

ಅವಳು ನಮ್ಮ ವಿಭಾಗಕ್ಕೆ ಬಂದಾಗ ಇಪ್ಪತ್ತನಾಲ್ಕು ವರ್ಷವಿದ್ದಿರಬೇಕು. ಅಲ್ಪಪ್ರಾಣವಿರಬೇಕಾದಲ್ಲಿ ಮಹಾಪ್ರಾಣ ನುಸುಳಿದರೆ ಅವಳಿಗೆ ಅಕ್ಕಿಯಲ್ಲಿ ಕಲ್ಲು ಕಂಡಷ್ಟು ಸಲೀಸಾಗಿ ಕಾಣುತ್ತಿತ್ತು. ಆದರೆ ಅದು ಬೆಳಗಿನ ಮಾತು. ಹನ್ನೊಂದಕ್ಕೆ ಕೆಳಗಿನ ಮಹಡಿಯಲ್ಲಿ ಮುದ್ರಣಯಂತ್ರ ಶುರುವಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳು ಎರಡೂ ಕಿವಿ ಮುಚ್ಚಿಕೊಂಡು ಒಂದೇ ಸಾಲನ್ನು ನೋಡುತ್ತ ಕೂತಿರುತ್ತಿದ್ದಳು. ಕಾಫಿಗೆ ಬರುತ್ತಿರಲಿಲ್ಲ. ಹಿಂದಿನಿಂದ ಹೆಗಲು ಮುಟ್ಟಿ ಕರೆದರೆ ಬೆಚ್ಚಿಬಿದ್ದು, ಮೆಟ್ಟಿಲ ಬಳಿ ಹೋಗಿ ನಿಂತುಬಿಡುತ್ತಿದ್ದಳು. ನಾನು ವಿಭಾಗದ ಮುಖ್ಯಸ್ಥ. ಮನುಷ್ಯರನ್ನು ಓದುವುದರಲ್ಲಿ ಗಟ್ಟಿಗನೆಂಬ ಜಂಬ ಬೇರೆ. ವರ್ಷದ ವರದಿಯಲ್ಲಿ ಬರೆದೆ: ಕೆಲಸ ಚೆನ್ನಾಗಿದೆ, ಎಲ್ಲರೊಡನೆ ಬೆರೆಯುವುದಿಲ್ಲ.

ಆ ವರದಿ ಹಿಡಿದು ಅವಳು ನನ್ನ ಮೇಜಿನೆದುರು ನಿಂತಳು. "ಸರ್, ಬೆರೆಯೋದು ಅಂದ್ರೆ ಎಷ್ಟು? ದಿನಕ್ಕೆ ಎಷ್ಟು ಸಲ ಮಾತಾಡ್ಬೇಕು?"

ಅಧಿಕಪ್ರಸಂಗವೆಂದುಕೊಂಡು, "ಹಿರಿಯರ ಹತ್ರ ಹೀಗಾ ಮಾತಾಡೋದು?" ಎಂದು ಗದರಿದೆ. ಅವಳು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದಳೆಂದು ಹೊಳೆಯಲೇ ಇಲ್ಲ. ಮನುಷ್ಯರನ್ನು ಓದುವ ನನ್ನ ಪಾಂಡಿತ್ಯ ಇಷ್ಟು, ನೋಡಿ.

ವಾರದ ನಂತರ ಎರಡು ಹಾಳೆ ತಂದಿಟ್ಟಳು. ಮೊದಲನೆಯದರಲ್ಲಿ ಹೀಗಿತ್ತು: ತನಗೆ ಆಟಿಸಂ ಇದೆ. ತನ್ನ ತಲೆಯ ಮೇಲಿನ ಟ್ಯೂಬ್‌ಲೈಟ್ ಸದ್ದು ಮಾಡುತ್ತದೆ, ಅದನ್ನು ಆರಿಸಬೇಕು. ಕೆಲಸವನ್ನು ದೂರದಿಂದ ಕೂಗಿ ಹೇಳದೆ ಬರೆದು ಕೊಡಬೇಕು. ಹಿಂದಿನಿಂದ ಮುಟ್ಟಬಾರದು. ವಾರದಲ್ಲಿ ನಾಲ್ಕು ದಿನ ಮನೆಯಿಂದ ಕೆಲಸ ಮಾಡಲು ಬಿಡಬೇಕು. ಎರಡನೆಯದು ರಾಜೀನಾಮೆ.

"ಎರಡ್ರಲ್ಲಿ ಒಂದನ್ನ ತಗೊಳ್ಳಿ ಸರ್," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಬೆರಳುಗಳು ಮಾತ್ರ ದುಪಟ್ಟಾದ ಅಂಚನ್ನು ಸುತ್ತುತ್ತ ಬಿಚ್ಚುತ್ತ ಇದ್ದವು.

"ಮೊದಲೇ ಹೇಳ್ಬಾರದಿತ್ತೇನಮ್ಮ?"

"ಹಿಂದಿನ ಆಫೀಸಲ್ಲಿ ಮೊದಲೇ ಹೇಳಿದ್ದೆ. ತಿಂಗಳೊಳಗೆ ಕಳಿಸ್ಬಿಟ್ರು."

ಅಂದು ನನಗೆ ಊಟದ ಡಬ್ಬಿ ಬಿಚ್ಚಲಾಗಲಿಲ್ಲ. ಯಂತ್ರ ನಿಂತಿದ್ದ ಆ ಹೊತ್ತಿನಲ್ಲಿ ಅವಳ ಖಾಲಿ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದೆ. ನಿಧಾನವಾಗಿ ಕೇಳಿಸತೊಡಗಿತು, ಕಿವಿಯ ಪಕ್ಕ ಸುಳಿಯುವ ಸೊಳ್ಳೆಯಂಥ ಸಣ್ಣ ಸದ್ದು. ಐದು ನಿಮಿಷಕ್ಕೆ ನಾನೇ ಎದ್ದುಬಿಟ್ಟೆ.

ಮೊದಲ ಹಾಳೆ ಹಿಡಿದು ಮಾಲೀಕರಾದ ರಂಗಪ್ಪನವರ ಬಳಿ ಹೋದೆ. ಅವರು ಓದಿ, "ಒಬ್ರಿಗೆ ಬಿಟ್ರೆ ನಾಳೆ ಎಲ್ರೂ ಕೇಳ್ತಾರಲ್ರೀ," ಎಂದರು.

"ಕೇಳ್ಲಿ ಸರ್. ಏನು ಬೇಕು ಅಂತ ನಾವಂತೂ ಇದುವರೆಗೂ ಯಾರನ್ನೂ ಕೇಳಿಲ್ಲ."

ನಾನು ಎದುರು ಮಾತಾಡಿದ್ದು ಅವರಿಗೂ ಹೊಸತು, ನನಗೂ ಹೊಸತು. "ಒಂದು ತಿಂಗಳು ನೋಡಣ. ಎಡವಟ್ಟಾದ್ರೆ ನಿಮ್ದೇ ಜವಾಬ್ದಾರಿ," ಎಂದರು.

ಆ ತಿಂಗಳು ಏಳನೇ ತರಗತಿಯ ಗಣಿತ ಪುಸ್ತಕ ಅಚ್ಚಿಗೆ ಹೊರಟಿತ್ತು. ನಾನೂ ಸೇರಿ ಮೂವರು ನೋಡಿ ಸಹಿ ಹಾಕಿದ್ದೆವು. ಕುಮಾರ ಪಾರ್ಕಿನ ತನ್ನ ಮನೆಯಿಂದ ವಸುಧಾ ಎರಡು ಸಾಲಿನ ಮೇಲ್ ಕಳಿಸಿದಳು: ಪುಸ್ತಕದ ಕೊನೆಯಲ್ಲಿ ಕೊಟ್ಟ ಉತ್ತರಗಳು ಆರನೇ ಅಧ್ಯಾಯದಿಂದಾಚೆಗೆ ಒಂದೊಂದು ಲೆಕ್ಕ ಕೆಳಕ್ಕೆ ಜಾರಿವೆ. ಎಷ್ಟೋ ಮಕ್ಕಳು ಸರಿಯಾಗಿ ಲೆಕ್ಕ ಮಾಡಿಯೂ ತಪ್ಪೆಂದುಕೊಂಡು ಅಳುವುದು ತಪ್ಪಿತು. ರಂಗಪ್ಪನವರು ಮೇಲನ್ನು ಎರಡು ಸಲ ಓದಿ, "ಆ ಹುಡುಗಿ ಮನೇಲೇ ಕೆಲಸ ಮಾಡ್ಲಿ ಬಿಡ್ರಿ," ಎಂದರು.

ನಾನು ಹಿಗ್ಗಿನಲ್ಲಿ, ಫೋನೆಂದರೆ ಅವಳಿಗಾಗದು ಎಂಬುದನ್ನೂ ಮರೆತು ಫೋನ್ ಮಾಡಿ ಸುದ್ದಿ ಹೇಳಿದೆ. ಅವಳು, "ಸರ್, ತಪ್ಪು ಸಿಗದೇ ಇರೋ ತಿಂಗಳಲ್ಲೂ ನಂಗೆ ಇದು ಬೇಕಾಗತ್ತೆ," ಎಂದಳು.

ಮಾತು ನಾಟಿತು. ಅವಳು ಕೇಳಿದ್ದ ಅನುಕೂಲಗಳನ್ನು ಬಹುಮಾನವೆಂದಲ್ಲ, ನಿಯಮವೆಂದೇ ಬರೆಸಿ ರಂಗಪ್ಪನವರ ಸಹಿ ಹಾಕಿಸಿದೆ. ಕೆಲಸವನ್ನು ಬರೆದು ಕೊಡುವ ಪದ್ಧತಿ ಎಲ್ಲರಿಗೂ ಬಂತು. 'ನೀವು ಹೇಳಿದ್ದು ಹಾಗಲ್ಲ' ಎಂಬ ನಮ್ಮ ದಿನನಿತ್ಯದ ಜಗಳ ಅರ್ಧಕ್ಕರ್ಧ ನಿಂತಿತು. ಆಫೀಸಿಗೆ ಬರುತ್ತಿದ್ದ ಬುಧವಾರಗಳಂದು ವಸುಧಾ ಯಂತ್ರ ಶುರುವಾಗುವ ಮೊದಲೇ ಬಂದು, ಕಿಟಕಿ ಪಕ್ಕ ಕೂತು, ಕೆಲವೊಮ್ಮೆ ತಾನಾಗಿಯೇ ಸಂಧಿ ಸಮಾಸಗಳ ಬಗ್ಗೆ ಒಂದು ಗಂಟೆ ಮಾತಾಡುತ್ತಿದ್ದಳು. ಸಾಕಮ್ಮ ಎನ್ನುವುದು ನಮಗೇ ಕಷ್ಟವಾಗುತ್ತಿತ್ತು.

ಈಗ ನಾನು ನಿವೃತ್ತ. ಆ ವಿಭಾಗವನ್ನು ಮನೆಯಿಂದಲೇ ನಡೆಸುವವಳು ಅವಳು. ಇಂದು ಬೆಳಿಗ್ಗೆ ಅವಳ ಮೇಲ್ ಬಂತು: "ಸರ್, ಮನೆಯಲ್ಲೇ ಕೂತು ಕರಡು ನೋಡಿಕೊಡುವಿರಾ? ನಿಮಗೆ ಏನು ಅನುಕೂಲ ಬೇಕೆಂದು ಬರೆದು ತಿಳಿಸಿ."

'ಏನೂ ಬೇಡಮ್ಮ' ಎಂದು ಬರೆದು, ಅಳಿಸಿದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಕೆಲಸದ ಕೊನೆಯ ವರ್ಷಗಳಲ್ಲಿ ನನ್ನ ಬಲಗಣ್ಣು ಮಸುಕಾಗಿತ್ತು. ಅರ್ಧ ಊಹೆಯಲ್ಲೇ ಸಹಿ ಹಾಕುತ್ತಿದ್ದೆ. ಮೂಲೆಗೆ ಸರಿಸಿಬಿಟ್ಟಾರೆಂದು ಯಾರಿಗೂ ಹೇಳಿರಲಿಲ್ಲ.

ಬಹಳ ಹೊತ್ತು ಯೋಚಿಸಿ ಇದ್ದದ್ದನ್ನು ಬರೆದೆ: "ಅಕ್ಷರ ದೊಡ್ಡದಿರಬೇಕು. ದಿನಕ್ಕೆ ಹತ್ತೇ ಪುಟ, ಬೆಳಗಿನ ಹೊತ್ತು ಮಾತ್ರ."

ಕಾಫಿ ಆರುವ ಮೊದಲೇ ಉತ್ತರ ಬಂತು: "ಆಗಲಿ ಸರ್. ಸೋಮವಾರದಿಂದ ಶುರು ಮಾಡೋಣ."