ದೊಡ್ಡಪತ್ರೆಯ ಕುಡಿ, ಸೋಮವಾರದ ಊಟ

ಅಡುಗೆಮನೆಯ ಕಿಟಕಿಯಲ್ಲಿ ಹಳೆಯ ಪೇಂಟ್ ಡಬ್ಬಿಯೊಳಗೆ ಬೆಳೆದಿರುವ ನಮ್ಮ ದೊಡ್ಡಪತ್ರೆಗೆ ಕೋಪವೆಂಬುದೇ ಇಲ್ಲ. ತಂಬುಳಿಗೆಂದು ಒಂದು ಕುಡಿ ಚಿವುಟಿದರೆ, ವಾರ ಕಳೆಯುವುದರೊಳಗೆ ಅಲ್ಲೇ ಎರಡು ಒಡೆದಿರುತ್ತವೆ. ಮನುಷ್ಯರ ಲಿವರಿನದೂ ಇದೇ ಸ್ವಭಾವವೆಂದು ಡಾಕ್ಟರು ಹೇಳಿದಾಗ, ಐವತ್ತು ವರ್ಷ ನನ್ನೊಳಗೇ ಇಂಥದ್ದೊಂದು ಗಿಡವಿತ್ತೇ ಎಂದು ಕೈಮುಗಿದೆ.

ಲಿವರ್ ಕೆಟ್ಟಿರುವುದು ನಮ್ಮ ಯಜಮಾನರದು. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವ, ಕಾಫಿಯನ್ನೂ ಮುಟ್ಟದ ಮನುಷ್ಯನ ಬಗ್ಗೆ ಆಲ್ಕೊಳದ ನಮ್ಮ ಬೀದಿಯಲ್ಲಿ "ಕುಡೀತಿದ್ರಾ?" ಎಂದು ಕೇಳದವರಿಲ್ಲ. "ಇಷ್ಟು ಹೆಸರು ಬರತ್ತೆ ಅಂತ ಗೊತ್ತಿದ್ರೆ ಒಂದಿನ ಕುಡಿದಾದ್ರೂ ನೋಡ್ತಿದ್ದೆ ಮಾರಾಯ್ತಿ" ಎಂದು ಅವರು ಹಳದಿಗಟ್ಟಿದ ಕಣ್ಣಲ್ಲೇ ನಗುತ್ತಾರೆ.

ನನ್ನ ಲಿವರಿನ ಒಂದು ಭಾಗವನ್ನು ಅವರಿಗೆ ಜೋಡಿಸಿದರೆ ಎರಡೂ ಬೆಳೆದುಕೊಳ್ಳುತ್ತವಂತೆ. ರಕ್ತದ ಗುಂಪೂ ಕೂಡಿತು. ಅರೆಬರೆ ಕೂಡಿದ್ದ ನಮ್ಮ ಜಾತಕಗಳಿಗಿಂತ ಇದೇ ಮೇಲೆಂದುಕೊಂಡೆ. ಇಷ್ಟು ಕರುಣಿಸಿದ ಶಿವನಿಗೆ ನಾನೂ ಏನಾದರೂ ಸಲ್ಲಿಸಬೇಡವೇ, ನೀವೇ ಹೇಳಿ. ಉಳಿದ ತಪಾಸಣೆಗಳು ನಿರ್ವಿಘ್ನವಾಗಲೆಂದು, ಸೋಮವಾರ ನಿರಾಹಾರ, ಮಿಕ್ಕ ದಿನ ಒಪ್ಪೊತ್ತು ಎಂದು ಯಾರಿಗೂ ಹೇಳದೆ ಹರಕೆ ಹೊತ್ತು ಎರಡು ತಿಂಗಳು ನಡೆಸಿದೆ.

ಮೊನ್ನೆ ಡಾಕ್ಟರು ನನ್ನ ಕಣ್ಣಿನ ರೆಪ್ಪೆ ಎಳೆದು, ರಿಪೋರ್ಟು ನೋಡಿ, "ಅಮ್ಮಾ, ನಿಮ್ಮಲ್ಲೇ ರಕ್ತ ಇಲ್ವಲ್ಲ, ಊಟ ಮಾಡ್ತೀರೋ ಇಲ್ವೋ?" ಎಂದರು. ಆಪರೇಷನ್ ಮುಂದಕ್ಕೆ ಹೋಯಿತು. ನಾನು ಚೇತರಿಸಿಕೊಳ್ಳಲು ಮೂರು ತಿಂಗಳಾದರೂ ಬೇಕಂತೆ. ಯಜಮಾನರಿಗೆ ಮೂರು ತಿಂಗಳಿದೆಯೇ ಎಂದು ನಾನು ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ. ಜೀವಕೋಶಗಳಿಂದ ಲಿವರನ್ನೇ ಬೆಳೆಸುವ ಸಂಶೋಧನೆಯ ಬಗ್ಗೆ ಪೇಪರಿನಲ್ಲಿ ಓದಿದ್ದನ್ನು ಆಸೆಯಿಂದ ಎತ್ತಿದೆ. "ನಡೀತಿದೆಮ್ಮ. ಮುಂದೆ ಯಾರಿಗಾದ್ರೂ ಉಪಯೋಗ ಆಗತ್ತೆ" ಎಂದರು. ಆ ಯಾರೋ ಪುಣ್ಯವಂತರು ಚೆನ್ನಾಗಿರಲಿ.

ಹರಕೆಯ ಸಂಗತಿ ನಾನು ಬಾಯಿಬಿಟ್ಟ ಮೇಲೆ ಭದ್ರಾವತಿಯಿಂದ ಓಡಿಬಂದ ತಂಗಿ, "ಅಯ್ಯೋ ಅಕ್ಕ, ಭಾವಂಗೆ ಕೊಡೋ ಮೈನೇ ಉಪವಾಸ ಕೆಡವಿದ್ಯಲ್ಲೇ! ಶಿವ ಕೇಳಿದ್ನಾ?" ಎಂದು ಬೈದು, ಆಮೇಲೆ ತಾನೇ ಅತ್ತಳು. ಕೇಳಿರಲಿಲ್ಲ.

ಇವತ್ತು ಸೋಮವಾರ. ದೀಪ ಹಚ್ಚಿ, ತಪ್ಪಾಯಿತೆಂದು ಬೇಡಿಕೊಂಡು, ಬೆಳಿಗ್ಗೆ ಎಂಟಕ್ಕೇ ತಟ್ಟೆಯ ಮುಂದೆ ಕೂತೆ. ಎರಡು ತುತ್ತೂ ಸೇರದ ಯಜಮಾನರು ತಮ್ಮ ನುಗ್ಗೆಸೊಪ್ಪಿನ ಪಲ್ಯವನ್ನು ನನ್ನ ಕಡೆ ಸರಿಸಿ, "ತಿನ್ನು, ನನ್ ಪಾಲಿಂದೂ" ಎಂದರು. ಎದುರಿಗೆ ಕೂತು ಊಟ ಬಡಿಸಲಿಕ್ಕಾದರೂ ಇದ್ದಾರಲ್ಲ, ಇವತ್ತಿಗೆ ಅಷ್ಟು. ಒಂದು ತುತ್ತು ನುಂಗಿ ಕಿಟಕಿಯತ್ತ ನೋಡಿದರೆ, ದೊಡ್ಡಪತ್ರೆಯಲ್ಲಿ ಹಿಂದಿನ ವಾರ ಚಿವುಟಿದ ಕಡೆ ಏನೂ ಒಡೆದಿಲ್ಲ. ಆಸ್ಪತ್ರೆಯ ಓಡಾಟದಲ್ಲಿ ನೀರೇ ಹಾಕಿರಲಿಲ್ಲ. ಚೊಂಬಿನ ನೀರನ್ನು ಅದರ ಬುಡಕ್ಕೆ ಹೊಯ್ದು ಬಂದು, ಇನ್ನೊಂದು ತುತ್ತು ಕಲೆಸಿದೆ.